ಎಂಜಿಬಿ ಗಾಡಿಯ ಇಂಜಿನ್ ಫೌಂಡೇಶನ್ ಬದಲಿಸಿದ ನನ್ನ ಅನುಭವ

ಹುಬ್ಬಳ್ಳಿಯ ಗ್ಯಾರೇಜುಗಳಲ್ಲಿ ಇಂಜಿನ್ ಮೌಂಟ್ ಅಂದರೆ ತಕ್ಷಣ ಗೊತ್ತಾಗುವುದಿಲ್ಲ, ಫೌಂಡೇಶನ್ ಅನ್ನಬೇಕು: ಇಂಜಿನ್ನನ್ನು ಹೊತ್ತು ಅದರ ನಡುಕ ತಡೆಯುವ, ಎರಡು ತಗಡುಗಳ ನಡುವೆ ಅಂಟಿಸಿದ ರಬ್ಬರು ಅದು. ನಾನು ಬದಲಿಸಿದ್ದು 1970ರ ಎಂಜಿಬಿ ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರಿನ ಮುಂದಿನ ಎರಡು ಫೌಂಡೇಶನ್. ಕೆಲಸ ನಡೆದದ್ದು ಗೋಕುಲ ರಸ್ತೆಯ ಒಂದು ಶೆಡ್ಡಿನಲ್ಲಿ.

ಮೊದಲು ರೋಗ ಖಾತ್ರಿ ಮಾಡಿಕೊಳ್ಳಬೇಕು. ಐಡಲಿಂಗ್‌ನಲ್ಲಿ (ನಿಂತಲ್ಲೇ ಇಂಜಿನ್ ಓಡುವಾಗ) ಗಾಡಿ ನಡುಗಿದರೆ ಅದಕ್ಕೆ ಎರಡು ಎಸ್‌ಯು ಕಾರ್ಬುರೇಟರುಗಳ (ಪೆಟ್ರೋಲಿಗೆ ಗಾಳಿ ಬೆರೆಸುವ ಭಾಗ) ಹೊಂದಾಣಿಕೆ ತಪ್ಪಿದ್ದೂ ಕಾರಣವಿರಬಹುದು, ಪ್ಲಗ್ಗಿನ ಕಿಡಿಯ ಟೈಮಿಂಗ್ ಹಿಂದೆ ಬಿದ್ದದ್ದೂ ಇರಬಹುದು. ಅವೆರಡನ್ನೂ ಸರಿಮಾಡಿದ ಮೇಲೂ ಕ್ಲಚ್ ಬಿಡುವಾಗ ಗೇರ್ ಲಿವರ್ ಜಿಗಿಯುತ್ತಿದ್ದರೆ, ರಿವರ್ಸ್ ಹಾಕಿದಾಗ ಕೆಳಗೆ ಧಡ್ ಎಂದರೆ, ಫೌಂಡೇಶನ್ ಮೇಲೆ ಸಂಶಯ ಪಡಬೇಕು. ಬಾನೆಟ್ ತೆರೆದು, ಹ್ಯಾಂಡ್‌ಬ್ರೇಕ್ ಎಳೆದು, ಕಾಲಿನ ಬ್ರೇಕನ್ನೂ ಒತ್ತಿ, ಒಂದನೇ ಗೇರಿನಲ್ಲಿ ಕ್ಲಚ್ ಸ್ವಲ್ಪವೇ ಬಿಡಿಸಿದೆ. ಪಕ್ಕದಲ್ಲಿ ನಿಂತವರು ನೋಡುತ್ತಿದ್ದರು. ಗಾಡಿಯ ಮುಂದೆ ಮಾತ್ರ ಯಾರೂ ನಿಲ್ಲಬಾರದು. ಇಂಜಿನ್ನಿನ ಎಡಮಗ್ಗುಲು (ಎಡ, ಬಲ ಅಂದರೆ ಡ್ರೈವರ್ ಸೀಟಿನಲ್ಲಿ ಕೂತು ನೋಡಿದ ಹಾಗೆ) ಒಂದು ಇಂಚು ಮೇಲೆದ್ದು ಕುಕ್ಕರಿಸಿತು. ಗಾಡಿ ನಿಂತಾಗ ಈ ರಬ್ಬರನ್ನು ಟಾರ್ಚು ಹಿಡಿದು ನೋಡಿದರೆ ಏನೂ ಕಾಣುವುದಿಲ್ಲ, ಇಂಜಿನ್ನಿನ ಭಾರಕ್ಕೆ ಬಿರುಕು ಮುಚ್ಚಿಕೊಂಡಿರುತ್ತದೆ. ಜಾಕಿನಿಂದ ಇಂಜಿನ್ನನ್ನು ಅರ್ಧ ಇಂಚು ಎತ್ತಿದ ಕೂಡಲೇ ರಬ್ಬರು ಒಂದು ಕಡೆ, ತಗಡು ಇನ್ನೊಂದು ಕಡೆಯಾಗಿ ಬಾಯಿ ಬಿಟ್ಟಿತು. ಸಂದಿನೊಳಗೆ ಎಣ್ಣೆ ಕುಡಿದ ಕರಿಮಣ್ಣು, ಹೆಂಟೆಯ ಹಾಗೆ.

ಎಡಗಡೆಯದೇ ಮೊದಲು ಹರಿಯುವುದು ಸುಮ್ಮನೆ ಅಲ್ಲ. ಮುಂದಿನಿಂದ ನೋಡಿದರೆ ಕ್ರ್ಯಾಂಕು (ಇಂಜಿನ್ನಿನೊಳಗೆ ತಿರುಗುವ ದಂಡ) ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗುತ್ತದೆ, ಅದರ ಪ್ರತಿಬಲಕ್ಕೆ ಬ್ಲಾಕು, ಅಂದರೆ ಇಂಜಿನ್ನಿನ ಒಡಲು, ಉಲ್ಟಾ ಹೊರಳುತ್ತದೆ. ಆಗ ಬಲಗಡೆಯ ರಬ್ಬರು ಒತ್ತಿಸಿಕೊಳ್ಳುತ್ತದೆ, ಎಡಗಡೆಯದು ಎಳೆಸಿಕೊಳ್ಳುತ್ತದೆ. ರಬ್ಬರು ಒತ್ತಡ ತಾಳಿದಷ್ಟು ಎಳೆತ ತಾಳುವುದಿಲ್ಲ. ಇದರ ಮೇಲೆ ಈ ಇಂಜಿನ್ನಿನಲ್ಲಿ ಸೈಲೆನ್ಸರ್ ಮ್ಯಾನಿಫೋಲ್ಡ್ (ಹೊಗೆ ಹೊರಬರುವ ಪೈಪುಗಳ ಜೋಡಣೆ) ಎಡಗಡೆ, ಅದರ ಕೆಳಗಿನ ಟ್ಯಾಪೆಟ್ (ವಾಲ್ವ್ ಎತ್ತುವ ಭಾಗ) ಮುಚ್ಚಳಗಳೂ ಎಡಗಡೆ. ಮುಚ್ಚಳದ ಪ್ಯಾಕಿಂಗ್ ಸೋರಿದರೆ ಎಣ್ಣೆ ಇಳಿಯುವುದು ನೇರ ಆ ಫೌಂಡೇಶನ್ ಕಡೆಗೆ. ನೈಸರ್ಗಿಕ ರಬ್ಬರಿಗೆ ಎಣ್ಣೆ ತಗಲಿದರೆ ಉಬ್ಬಿ ಮೆತ್ತಗಾಗುತ್ತದೆ. ಹಾಗಾಗಿ ನಾನು ಫೌಂಡೇಶನ್ನಿಗೆ ಕೈ ಹಾಕುವ ಮೊದಲು ಟ್ಯಾಪೆಟ್ ಮುಚ್ಚಳದ ಪ್ಯಾಕಿಂಗ್ ಬದಲಿಸಿದೆ. ಆ ಕೆಲಸ ಬಿಟ್ಟು ಹೊಸ ರಬ್ಬರ್ ಹಾಕಿದರೆ ದುಡ್ಡು ದಂಡ.

ಬಲಗಡೆಯಲ್ಲಿ ಹಿಂದೆ ಯಾರೋ ಟಯರಿನ ತುಂಡು ಇಟ್ಟು ನಡುವೆ ಉದ್ದ ಬೋಲ್ಟು ಹಾಯಿಸಿ ಬಿಗಿದಿದ್ದರು. ಇದು ನಮ್ಮಲ್ಲಿ ಬಹಳ ಕಡೆ ಮಾಡುವ ರಿಪೇರಿ, ಮತ್ತು ತಪ್ಪು ರಿಪೇರಿ. ಬೋಲ್ಟು ಎರಡೂ ತಗಡುಗಳನ್ನು ಕೂಡಿಸಿಬಿಟ್ಟರೆ ನಡುಕ ಕಬ್ಬಿಣದ ಮೂಲಕವೇ ಬಾಡಿಯೊಳಕ್ಕೆ ಹೋಗುತ್ತದೆ, ರಬ್ಬರು ಇದ್ದೂ ಇಲ್ಲದ ಹಾಗೆ. ಸರಿಯಾದ ಫೌಂಡೇಶನ್ನಿನಲ್ಲಿ ಎರಡು ತಗಡುಗಳ ಸ್ಟಡ್ಡುಗಳು (ತಲೆಯಿಲ್ಲದ ಬೋಲ್ಟು) ಒಂದಕ್ಕೊಂದು ಎಲ್ಲಿಯೂ ಮುಟ್ಟುವುದಿಲ್ಲ, ನಡುವೆ ಇರುವುದು ಅಂಟಿಸಿದ ರಬ್ಬರು ಮಾತ್ರ. ಹೊಸದನ್ನು ತರಿಸುವಾಗ ಶಾಸಿ ನಂಬರ್ ಕೊಡಿ. 1974ರ ಕೊನೆಗೆ ಬಂದ ಕರಿ ರಬ್ಬರ್ ಬಂಪರಿನ ಗಾಡಿಗಳದು ಬೇರೆ. ಕೈಗೆ ಬಂದ ಮೇಲೆ ರಬ್ಬರು ತಗಡಿಗೆ ಸೇರುವ ಅಂಚಿಗೆ ಉಗುರು ಹಾಕಿ ನೋಡಿ. ಎದ್ದರೆ ವಾಪಸ್ ಕಳಿಸಿ, ಹಾಕಬೇಡಿ.

ಪಾನಾ (ಸ್ಪ್ಯಾನರ್) ವಿಷಯದಲ್ಲಿ ಎಚ್ಚರ ಬೇಕು. ನಟ್ಟುಗಳು 5/16 ಇಂಚು ಯುಎನ್‌ಎಫ್, ಅಂದರೆ ಇಂಚಿನ ಲೆಕ್ಕದ ಸಣ್ಣ ಥ್ರೆಡ್ಡಿನವು, ಅವಕ್ಕೆ ಅರ್ಧ ಇಂಚಿನ ಪಾನಾ. 13 ಎಂಎಂ ಪಾನಾ ಕೂರುತ್ತದೆ, ಆದರೆ 0.3 ಎಂಎಂ ಸಡಿಲ. ಜಂಗು ಹಿಡಿದ ನಟ್ಟಿನ ಮೂಲೆಗಳನ್ನು ಉರುಟು ಮಾಡಿಬಿಡುತ್ತದೆ. ಅಂಗಡಿಯಲ್ಲಿ ಸಿಗುವ 8 ಎಂಎಂ ನಟ್ಟನ್ನು ಈ ಸ್ಟಡ್ಡಿಗೆ ತಿರುವಲೇಬೇಡಿ, ಒಂದೆರಡು ಸುತ್ತು ಹೋಗಿ ಥ್ರೆಡ್ ಹಾಳುಮಾಡುತ್ತದೆ. ಹಿಂದಿನ ರಾತ್ರಿಯೇ ನಟ್ಟುಗಳಿಗೆ ಜಂಗು ಬಿಡಿಸುವ ಎಣ್ಣೆ ಹಾಕಿಟ್ಟಿದ್ದೆ.

ಬ್ಯಾಟರಿಯ ಅರ್ಥ್ ವೈರು ಮೊದಲು ಬಿಚ್ಚಬೇಕು. ಆ ವರ್ಷದ ಗಾಡಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿ ಸೀಟಿನ ಹಿಂದೆ ಇವೆ. ಗಾಡಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಯಿಲ್ ಸಂಪಿನ (ಇಂಜಿನ್ನಿನ ಕೆಳಗಿನ ಎಣ್ಣೆ ತೊಟ್ಟಿ) ಅಡಿಗೆ ಒಂದೂವರೆ ಇಂಚು ದಪ್ಪದ ಅಗಲವಾದ ಹಲಗೆ ಇಟ್ಟು ಟ್ರಾಲಿ ಜಾಕು ಹಚ್ಚಿದೆ. ಹಲಗೆ ಇಲ್ಲದೆ ಎತ್ತಿದರೆ ಸಂಪಿನ ತಗಡು ತಗ್ಗಾಗಿ ಒಳಗಿನ ಆಯಿಲ್ ಜಾಲರಿಯ ತನಕ ಹೋಗಬಹುದು. ಎರಡೂ ಬದಿಯ ನಟ್ಟು ಸಡಿಲಿಸಿದರೂ ಒಮ್ಮೆಗೆ ಒಂದೇ ಬದಿ ಪೂರ್ತಿ ಬಿಚ್ಚಿದೆ. ಒಂದಿಂಚಿನಷ್ಟು ಎತ್ತಿದರೆ ಸಾಕಾಯಿತು. ಎತ್ತುವಾಗ ಕಾಲಿಂಚಿಗೊಮ್ಮೆ ನಿಂತು ನೋಡಬೇಕಾದ್ದು: ಫ್ಯಾನಿನ ಎಲೆ ರೇಡಿಯೇಟರಿಗೆ ತಾಗುತ್ತದೆಯೇ, ಮೇಲಿನ ಹೋಸ್ ಬಿಗಿಯಾಗುತ್ತದೆಯೇ, ಆಕ್ಸಿಲರೇಟರ್ ಕೇಬಲ್ ಎಳೆಯುತ್ತದೆಯೇ. ಬ್ರ್ಯಾಕೆಟ್ಟಿನ ಸಂದಿಯಲ್ಲಿ ಮರದ ಬೆಣೆ ಇಡದೆ ಬೆರಳು ತೂರಿಸಬೇಡಿ, ಜಾಕಿನ ಸೀಲನ್ನು ನಂಬಬಾರದು. ಬಲಗಡೆ ಸ್ಟಿಯರಿಂಗ್ ದಂಡ ಅಡ್ಡ ಬರುತ್ತದೆ. ಉದ್ದ ಎಕ್ಸ್‌ಟೆನ್ಶನ್ನಿಗೆ ಯೂನಿವರ್ಸಲ್ ಜಾಯಿಂಟ್ ಸೇರಿಸಿದ ಮೇಲೆಯೇ ನಟ್ಟು ಸಿಕ್ಕಿತು. ಹಳೆಯದರ ಜತೆ ತೆಳು ಪ್ಯಾಕಿಂಗ್ ತಗಡು ಬಂದರೆ ಯಾವ ಬದಿಯದೆಂದು ಅದರ ಮೇಲೆಯೇ ಗೀಚಿಡಿ.

ಎಡಗಡೆಯ ಹಳೆಯ ರಬ್ಬರು ಹೊಸದಕ್ಕಿಂತ 6 ಎಂಎಂ ಕುಗ್ಗಿತ್ತು. ಅಂದರೆ ಹೊಸದು ಕೂತ ಮೇಲೆ ಇಂಜಿನ್ ಅಷ್ಟು ಮೇಲೆ ಬರುತ್ತದೆ, ಫ್ಯಾನು, ಹೋಸು, ಸೈಲೆನ್ಸರ್ ಪೈಪಿನ ಹಿಡಿತ ಎಲ್ಲವನ್ನೂ ಮತ್ತೆ ನೋಡಬೇಕು.

ಬಿಗಿಯುವ ಕ್ರಮದಲ್ಲೇ ಹೆಚ್ಚಿನವರು ಎಡವುವುದು. ಇಂಜಿನ್ ಜಾಕಿನ ಮೇಲಿದ್ದಾಗ ನಟ್ಟು ಬಿಗಿದರೆ ರಬ್ಬರು ತಿರುಚಿಕೊಂಡೇ ಉಳಿಯುತ್ತದೆ, ಹೊಸ ಫೌಂಡೇಶನ್ ಹಾಕಿಯೂ ನಡುಕ ಹೋಗುವುದಿಲ್ಲ. ನಾನು ಎಲ್ಲ ನಟ್ಟುಗಳನ್ನೂ ಕೈಬೆರಳಿನಲ್ಲಷ್ಟೇ ತಿರುವಿ, ಹಿಂದಿನ ಗೇರ್‌ಬಾಕ್ಸ್ ಕ್ರಾಸ್‌ಮೆಂಬರಿನ (ಗೇರ್‌ಬಾಕ್ಸ್ ಹೊತ್ತ ಅಡ್ಡಪಟ್ಟಿ) ಬೋಲ್ಟುಗಳನ್ನೂ ಅರೆಸಡಿಲ ಮಾಡಿ, ಜಾಕು ಪೂರ್ತಿ ಇಳಿಸಿದೆ. ಆಮೇಲೆ ಇಂಜಿನ್ನನ್ನು ಎರಡೂ ಕೈಯಿಂದ ಹಿಡಿದು ನಾಲ್ಕೈದು ಸಲ ಅತ್ತಿತ್ತ ಅಲುಗಾಡಿಸಿದೆ. ಅದು ತನ್ನ ಜಾಗ ತಾನೇ ಹುಡುಕಿಕೊಂಡಿತು. ಆಗ ಹಿಂದಿನವು, ನಂತರ ಮುಂದಿನವು ಬಿಗಿ. ಈ ಸಣ್ಣ ಸ್ಟಡ್ಡುಗಳಿಗೆ 20ರಿಂದ 25 ನ್ಯೂಟನ್ ಮೀಟರ್ ಸಾಕು.

ಸೆಲ್ಫ್ ಹೊಡೆಯುವ ಮೊದಲು ಇಂಜಿನ್ನಿನಿಂದ ಬಾಡಿಯವರೆಗೆ ಹೋಗುವ ಅರ್ಥ್ ಪಟ್ಟಿ ಕೂಡಿಸಿದೆಯೇ ನೋಡಿ. ರಬ್ಬರು ಕರೆಂಟು ಹಾಯಿಸುವುದಿಲ್ಲ. ಪಟ್ಟಿ ಇಲ್ಲದಿದ್ದರೆ ಸ್ಟಾರ್ಟರಿನ ಅಷ್ಟೂ ಕರೆಂಟು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಹೋಗಿ ಅವನ್ನು ಸುಡುತ್ತದೆ.

ಉಣಕಲ್ ದಾಟಿ ನವಲೂರು ಏರಿನಲ್ಲಿ ಮೂರನೇ ಗೇರಿನಲ್ಲೇ ಆಕ್ಸಿಲರೇಟರ್ ಒತ್ತಿ ಬಿಟ್ಟು ನೋಡಿದೆ: ಲಿವರ್ ಅಲುಗಲಿಲ್ಲ, ಕೆಳಗೆ ಸದ್ದಿಲ್ಲ. ಇನ್ನೂರು ಕಿಲೋಮೀಟರ್ ಓಡಿದ ಮೇಲೆ ಪಾನಾ ಹಚ್ಚಿದಾಗ ಎಡಗಡೆಯ ಒಂದು ನಟ್ಟು ಕಾಲು ಸುತ್ತು ಕೂತಿತು, ಬಲಗಡೆಯವು ಹಾಗೆಯೇ ಇದ್ದವು. ಟ್ಯಾಪೆಟ್ ಮುಚ್ಚಳದ ಅಡಿ ಬೆರಳಾಡಿಸಿದೆ, ಒಣಗಿತ್ತು.