ಹಳೆಯ ಮರಕ್ಕೆ ನೀರು ಎಲ್ಲಿ, ಎಷ್ಟು: ಆಲ್ಬುಕರ್ಕಿಯ ಅಂಗಳದ ಅನುಭವ

ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದ ಆಲ್ಬುಕರ್ಕಿಯ ಹಳೆಯ ಬಡಾವಣೆಯಲ್ಲಿ ಮನೆ ಕೊಂಡರೆ ಜತೆಗೆ ಒಂದೆರಡು ದೊಡ್ಡ ಮರಗಳೂ ಬರುತ್ತವೆ. ಆಶ್, ಕಾಟನ್‌ವುಡ್, ಹಿಂದೆ ಈ ಊರಿನ ಆಡಳಿತ ನಡೆಸಿದ ಕ್ಲೈಡ್ ಟಿಂಗ್ಲಿಯ ಕಾಲದಿಂದ ಊರ ತುಂಬ ಹಬ್ಬಿದ ಸೈಬೀರಿಯನ್ ಎಲ್ಮ್, ಇಲ್ಲವೇ ಹಿಪ್ಪುನೇರಳೆ. ರಾಮನಗರ, ಕೋಲಾರದ ಕಡೆಯವರು ಇದೇ ಜಾತಿಯನ್ನು ಸೊಂಟದೆತ್ತರಕ್ಕೆ ಕತ್ತರಿಸಿದ ಸಾಲುಗಳಲ್ಲಿ ನೋಡಿರುತ್ತಾರೆ. ಇಲ್ಲಿ ಅದು ಮನೆಯ ಸೂರನ್ನೇ ಮುಚ್ಚುವ ಮರ.

ಊರು ಸಮುದ್ರಮಟ್ಟದಿಂದ 5,300 ಅಡಿ ಎತ್ತರದಲ್ಲಿದೆ. ವರ್ಷದ ಮಳೆ ಸುಮಾರು 9 ಇಂಚು, ಬೆಂಗಳೂರಿನ ಕಾಲುಭಾಗವೂ ಆಗದು. ಅದರಲ್ಲಿ ಅರ್ಧದ ಹತ್ತಿರ ಜುಲೈಯಿಂದ ಸೆಪ್ಟೆಂಬರ್ ಒಳಗೆ ಸುರಿದು ಹೋಗುತ್ತದೆ. ಮಾರ್ಚ್‌ನಿಂದ ಮೇವರೆಗೆ ಬೀಸುವ ಒಣಗಾಳಿ ಆಗತಾನೆ ಚಿಗುರಿದ ಎಲೆಯಿಂದಲೇ ನೀರು ಹೀರುತ್ತದೆ. ಹಾಗಾಗಿ ಇಲ್ಲಿನ ಅಂಗಳದ ದೊಡ್ಡ ಮರ ಯಾರೋ ಕೊಡುವ ನೀರಿನಲ್ಲೇ ಬದುಕಿದೆ. ಬಹಳ ಕಾಲ ಅದನ್ನು ಕೊಟ್ಟಿದ್ದು ಹುಲ್ಲುಹಾಸಿನ ಸ್ಪ್ರಿಂಕ್ಲರ್.

ಅನಾಹುತ ಶುರುವಾಗುವುದೂ ಅಲ್ಲೇ. ನೀರು ಉಳಿಸಲೆಂದು ಹುಲ್ಲು ಕಿತ್ತು, ಪ್ಲಾಸ್ಟಿಕ್ ಹಾಳೆ ಹಾಸಿ, ಮೇಲೆ ಜಲ್ಲಿ ಸುರಿಯುತ್ತಾರೆ. ಮರಕ್ಕೆಂದು ಬೊಡ್ಡೆಯ ಪಕ್ಕ ಎರಡು ಡ್ರಿಪ್ ತೂತು. ಗಂಟೆಗೆ 1 ಗ್ಯಾಲನ್ ಬಿಡುವ ತೂತನ್ನು ಅರ್ಧ ಗಂಟೆ ಓಡಿಸಿದರೆ ಬರುವುದು ಅರ್ಧ ಗ್ಯಾಲನ್. ಎರಡರಿಂದ ಸೇರಿ 1 ಗ್ಯಾಲನ್, ಅಂದರೆ ನಾಲ್ಕು ಲೀಟರ್‌ಗೂ ಕಡಿಮೆ. ನಲವತ್ತು ಅಡಿ ಎತ್ತರದ ಆಶ್‌ಗೆ ಅದು ನಾಲಿಗೆ ಒದ್ದೆಯಾಗುವಷ್ಟೂ ಅಲ್ಲ. ಮರ ತಕ್ಷಣ ಸಾಯುವುದಿಲ್ಲ. ಎರಡು ಮೂರು ವರ್ಷ ತಡೆದುಕೊಂಡು, ಆಮೇಲೆ ನೆತ್ತಿಯಿಂದ ಒಣಗುತ್ತ ಬರುತ್ತದೆ. ಅಷ್ಟು ಹೊತ್ತಿಗೆ ಕಾರಣ ಯಾರಿಗೂ ನೆನಪಿರುವುದಿಲ್ಲ, ಬೈಗುಳವೆಲ್ಲ ಹುಳುವಿಗೆ.

ನೀರು ಕೊಡುವುದಕ್ಕೆ ಮೊದಲು ಬೇರು ಎಲ್ಲಿದೆಯೆಂದು ತಿಳಿದಿರಬೇಕು. ನೀರು ಎಳೆಯುವ ಸಣ್ಣ ಬೇರುಗಳು ಹೆಚ್ಚಾಗಿ ಮೇಲಿನ 18–24 ಇಂಚು ಮಣ್ಣಿನಲ್ಲೇ ಇರುತ್ತವೆ, ಕೊಂಬೆಗಳ ಹರವನ್ನೂ ದಾಟಿ ಹೊರಗೆ ಹೋಗಿರುತ್ತವೆ. ಬೊಡ್ಡೆಯ ಬುಡದಲ್ಲಿರುವುದು ಮರವನ್ನು ಹಿಡಿದು ನಿಲ್ಲಿಸುವ ದಪ್ಪ ಬೇರು. ಅಲ್ಲಿ ನೀರು ನಿಲ್ಲಿಸಿದರೆ ಲಾಭವಿಲ್ಲ, ತೊಗಟೆ ಕೊಳೆಯುವ ಅಪಾಯ ಬೇರೆ. ನಾನು ನೀರು ಬಿಡುವುದು ಕೊಂಬೆಗಳ ತುದಿಯ ನೇರಕ್ಕೆ, ಮೂರಡಿ ಅಗಲದ ಬಳೆಯಂತಹ ಪಟ್ಟಿಯಲ್ಲಿ.

ಎಷ್ಟು ಎಂಬುದಕ್ಕೆ ಇಲ್ಲಿ ರೂಢಿಯಲ್ಲಿರುವ ಲೆಕ್ಕ ಒಂದಿದೆ: ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಬೊಡ್ಡೆಯ ಅಡ್ಡಳತೆ ಎಷ್ಟು ಇಂಚೋ ಅಷ್ಟು ಹತ್ತು ಗ್ಯಾಲನ್. ಟೇಪಿನಲ್ಲಿ ಸುತ್ತಳತೆ ಹಿಡಿದು 3.14ರಿಂದ ಭಾಗಿಸಿದರೆ ಅಡ್ಡಳತೆ ಸಿಗುತ್ತದೆ. ಸುತ್ತಳತೆ 50 ಇಂಚು ಇದ್ದರೆ ಅಡ್ಡಳತೆ ಸುಮಾರು 16, ನೀರು 160 ಗ್ಯಾಲನ್, ಅಂದರೆ 600 ಲೀಟರ್. ಆದರೆ ಈ ಲೆಕ್ಕವನ್ನು ಹಾಗೇ ನಂಬಿದರೆ ಮೋಸ. ಬೊಡ್ಡೆಯಿಂದ 20 ಅಡಿ ದೂರದ ಮೂರಡಿ ಪಟ್ಟಿಯ ವಿಸ್ತೀರ್ಣ ಸುಮಾರು 377 ಚದರ ಅಡಿ. 160 ಗ್ಯಾಲನ್ನನ್ನು ಅಷ್ಟಕ್ಕೂ ಹರಡಿದರೆ ಮುಕ್ಕಾಲು ಇಂಚು ಮಳೆಯೂ ಬಿದ್ದಂತಾಗುವುದಿಲ್ಲ. ಮರಳುಮಿಶ್ರ ಮಣ್ಣಿನಲ್ಲಿ ಎಂಟು ಇಂಚು ಇಳಿದರೆ ಹೆಚ್ಚು. ಮೇಲೆ ಒದ್ದೆ, ಕೆಳಗೆ ಬೂದಿ.

ಅದಕ್ಕೇ ಪಟ್ಟಿಯನ್ನು ನಾಲ್ಕು ಪಾಲು ಮಾಡುತ್ತೇನೆ. ಒಂದು ವಾರ ಒಂದು ಪಾಲಿಗೆ ಪೂರ್ತಿ 160 ಗ್ಯಾಲನ್. ಆಗ ಅಲ್ಲಿ ಎರಡೂವರೆ ಇಂಚಿಗಿಂತ ಹೆಚ್ಚು ನೀರು ನಿಂತಂತಾಗಿ, ತೇವ ಎರಡಡಿ ಮುಟ್ಟುತ್ತದೆ. ಮುಂದಿನ ವಾರ ಪಕ್ಕದ ಪಾಲು. ಹೀಗೆ ತಿಂಗಳಲ್ಲಿ ಒಂದು ಸುತ್ತು. ಜೂನ್‌ನಲ್ಲಿ ಬಿಸಿಲು ನೂರು ಡಿಗ್ರಿ ಫ್ಯಾರನ್‌ಹೀಟ್ ಹತ್ತಿರ ಹೋದಾಗ ವಾರಕ್ಕೆ ಎದುರುಬದುರಿನ ಎರಡು ಪಾಲು.

ಬಿಡುವುದು ಜಿನುಗುವ ರಬ್ಬರ್ ಪೈಪಿನಲ್ಲಿ, ಅಂಕುಡೊಂಕಾಗಿ ಹಾಸಿ. ನಲ್ಲಿಯ ಹರಿವು ಅಳೆಯಲು 5 ಗ್ಯಾಲನ್ ಬಕೆಟ್ಟೂ ಗಡಿಯಾರವೂ ಸಾಕು: ಐದು ನಿಮಿಷಕ್ಕೆ ತುಂಬಿದರೆ ನಿಮಿಷಕ್ಕೆ 1 ಗ್ಯಾಲನ್, ಅಲ್ಲಿಗೆ 160 ನಿಮಿಷ. ಹೊಳೆಯ ಬಯಲಿನ ಜೇಡಿಮಣ್ಣಾದರೆ ನೀರು ಹೀರುವುದಕ್ಕಿಂತ ಹರಿಯುವುದೇ ಹೆಚ್ಚು. ನಲವತ್ತು ನಿಮಿಷ ಬಿಟ್ಟು, ಒಂದು ಗಂಟೆ ನಿಲ್ಲಿಸಿ, ಮತ್ತೆ ಬಿಡಬೇಕು. ಕೆಲವು ಕಡೆ ಒಂದೆರಡು ಅಡಿ ಕೆಳಗೆ ಕಲೀಚಿ ಎಂಬ ಸುಣ್ಣದ ಗಟ್ಟಿಪದರ ಸಿಗುತ್ತದೆ. ನಮ್ಮ ರಾಯಚೂರು, ಬಳ್ಳಾರಿಯ ಎರೆಭೂಮಿಯ ಸುಣ್ಣಕಲ್ಲು ಹರಳು ಹರಳಾಗಿರುತ್ತದಲ್ಲ, ಅದೇ ಇಲ್ಲಿ ಕಾಂಕ್ರೀಟಿನಂತೆ ಹಲಗೆಗಟ್ಟಿರುತ್ತದೆ. ಆ ಪದರದ ಮೇಲೆ ನೀರು ನಿಂತರೆ ಬೇರು ಉಸಿರುಗಟ್ಟುತ್ತದೆ. ಅಂತಹ ಕಡೆ ಪ್ರಮಾಣ ತಗ್ಗಿಸಿ ಪಟ್ಟಿಯನ್ನೇ ಅಗಲ ಮಾಡುವುದು ವಾಸಿ.

ತೀರ್ಪು ಹೇಳುವುದು ಉದ್ದನೆಯ ಸ್ಕ್ರೂಡ್ರೈವರ್. ನೀರು ಬಿಟ್ಟ ಮರುದಿನ 18 ಇಂಚಿನದನ್ನು ಅಂಗೈಯಿಂದ ಒತ್ತುತ್ತೇನೆ. ಒದ್ದೆ ಮಣ್ಣಿನಲ್ಲಿ ಸರಾಗ ಇಳಿಯುತ್ತದೆ, ಒಣಮಣ್ಣು ಸಿಕ್ಕ ಜಾಗದಲ್ಲಿ ಟಕ್ಕೆಂದು ನಿಲ್ಲುತ್ತದೆ. ಏಳು ಇಂಚಿಗೇ ನಿಂತರೆ ಇನ್ನಷ್ಟು ನೀರು ಬೇಕು, ಇಲ್ಲವೇ ಕಲ್ಲು ತಗುಲಿದೆ. ಒಂದು ಗೇಣು ಸರಿದು ಮತ್ತೆ ಚುಚ್ಚಿದರೆ ಯಾವುದೆಂದು ಗೊತ್ತಾಗುತ್ತದೆ. ಇಡೀ ಕೆಲಸದಲ್ಲಿ ಇಷ್ಟು ಅಗ್ಗದ, ಇಷ್ಟು ಪ್ರಾಮಾಣಿಕ ಸಲಕರಣೆ ಇನ್ನೊಂದಿಲ್ಲ.

ದಿನವೂ ಚೂರುಚೂರು ನೀರು ಕೊಡುವುದರಲ್ಲಿ ಇನ್ನೊಂದು ಕೇಡಿದೆ. ನೀರಿನಲ್ಲಿರುವ ಉಪ್ಪು ಕೆಳಗಿಳಿಯದೆ ಬೇರಿನ ಮಟ್ಟದಲ್ಲೇ ಕೂತು ಎಲೆಯ ಅಂಚು ಸುಡುತ್ತದೆ. ನೋಡಿದವರು ನೀರು ಸಾಲದೆಂದು ಮತ್ತೆ ಚೂರು ಹೆಚ್ಚಿಸುತ್ತಾರೆ. ಆಳಕ್ಕೆ ಬಿಟ್ಟ ನೀರು ಆ ಉಪ್ಪನ್ನೂ ಕೆಳಕ್ಕೆ ಒಯ್ಯುತ್ತದೆ. ಮನೆಯಲ್ಲಿ ಉಪ್ಪು ಹಾಕುವ ನೀರಿನ ಸಾಫ್ಟ್‌ನರ್ ಇದ್ದರೆ ಹೊರಗಿನ ನಲ್ಲಿ ಅದನ್ನು ತಪ್ಪಿಸಿ ಬರುತ್ತದೆಯೇ ಎಂದು ಪೈಪು ಹಿಡಿದು ನೋಡಿ. ಆ ನೀರಿನ ಸೋಡಿಯಂ ಮಣ್ಣನ್ನೂ ಮರವನ್ನೂ ಕೆಡಿಸುತ್ತದೆ.

ಚಳಿಗಾಲವನ್ನು ಎಲ್ಲರೂ ಮರೆಯುತ್ತಾರೆ. ಎಲೆ ಉದುರಿದರೂ ಬೇರು ಸತ್ತಿರುವುದಿಲ್ಲ. ನವೆಂಬರ್‌ನಲ್ಲಿ ಪೈಪು ಹೆಪ್ಪುಗಟ್ಟೀತೆಂದು ಡ್ರಿಪ್ ಮುಚ್ಚಿದರೆ ಮತ್ತೆ ತೆರೆಯುವುದು ಏಪ್ರಿಲ್‌ಗೆ. ಹಿಮ ಬೀಳದ ವರ್ಷ ಅದು ಐದು ತಿಂಗಳ ಉಪವಾಸ. ತಿಂಗಳಿಗೊಮ್ಮೆ, ಹಗಲು 40 ಡಿಗ್ರಿ ಫ್ಯಾರನ್‌ಹೀಟ್ ದಾಟಿ ನೆಲ ಹೆಪ್ಪುಗಟ್ಟಿರದ ದಿನ, ಬೆಳಿಗ್ಗೆ ಹತ್ತರ ನಂತರ ಕೈಯಿಂದಲೇ ಪೈಪು ಹಾಸಿ ಎರಡು ಪಾಲಿಗೆ ನೀರು ಬಿಡುತ್ತೇನೆ. ಬಿಸಿಲು ಬಡಿಯುವ ದಕ್ಷಿಣ, ಪಶ್ಚಿಮದ ಪಾಲು ಮೊದಲು. ಮುಗಿದ ಕೂಡಲೇ ನಲ್ಲಿಯಿಂದ ಪೈಪು ಬಿಚ್ಚಲೇಬೇಕು. ಸಿಕ್ಕಿಸಿ ಬಿಟ್ಟರೆ ಒಳಗೆ ನಿಂತ ನೀರು ರಾತ್ರಿ ಹೆಪ್ಪುಗಟ್ಟಿ ಗೋಡೆಯೊಳಗಿನ ನಲ್ಲಿಯೇ ಸೀಳುತ್ತದೆ, ಚಳಿಗೆ ತಡೆಯುವ ನಲ್ಲಿಯಾದರೂ ಅಷ್ಟೇ.

ಜಲ್ಲಿ ಹಾಕಿಯಾಗಿದ್ದರೆ ಮರದ ಕೆಳಗಿನಷ್ಟನ್ನಾದರೂ ಸರಿಸಿ ಪ್ಲಾಸ್ಟಿಕ್ ಎತ್ತಿಬಿಡಿ. ಎತ್ತಿದಾಗ ಅದರ ಅಡಿಯಲ್ಲೇ ಕಂಬಳಿಯಂತೆ ಹೆಣೆದುಕೊಂಡ ಬೇರು ಕಾಣಬಹುದು. ತೇವ ಸಿಗುವುದು ಅಲ್ಲಿ ಮಾತ್ರ, ಅದಕ್ಕೆ ಮೇಲೆ ಬಂದಿರುತ್ತದೆ. ಅದನ್ನು ಕತ್ತರಿಸದೆ, ಅದೇ ದಿನ ನೀರು ಕೊಟ್ಟು, ಮೂರು ನಾಲ್ಕು ಇಂಚು ದಪ್ಪ ಮರದ ಚಕ್ಕೆ ಹೊದಿಸಬೇಕು. ಬೊಡ್ಡೆಯ ಸುತ್ತ ಅರ್ಧ ಅಡಿ ಖಾಲಿ ಇರಲಿ. ಹುಲ್ಲು ಇನ್ನೂ ಇದೆ, ತೆಗೆಯಬೇಕು ಎನ್ನುವವರು ಟಿಲ್ಲರ್ ಓಡಿಸಬೇಡಿ. ರಟ್ಟು ಹಾಸಿ ಮೇಲೆ ಚಕ್ಕೆ ಹಾಕಿ, ಎರಡು ಮೂರು ವರ್ಷದಲ್ಲಿ ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ. ಹುಲ್ಲಿನ ನೀರು ನಿಲ್ಲುವ ಮೊದಲೇ ಮರದ ನೀರು ಶುರುವಾಗಿರಬೇಕು.

ಎಳೆಯ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣವಿದೆ, ಪಿಹೆಚ್ (ಮಣ್ಣಿನ ಹುಳಿ-ಕ್ಷಾರದ ಅಳತೆ) 8ರ ಆಸುಪಾಸಿನಲ್ಲಿ ಬೇರಿಗೆ ಸಿಗುವುದಿಲ್ಲ. ಒಂದು ಚಿಟಿಕೆ ಮಣ್ಣಿಗೆ ವಿನೆಗರ್ ತೊಟ್ಟಿಕ್ಕಿ. ನೊರೆ ಬಂದರೆ ಸುಣ್ಣವಿದೆ. ಅಂತಹ ಮಣ್ಣಿಗೆ ಗಂಧಕ ಸುರಿಯುವುದು ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಕಬ್ಬಿಣ ಬೇರಿಗೆ ಸಿಗುವಂತೆ ಹಿಡಿದಿಡುವ ರಾಸಾಯನಿಕ ಬೆರೆಸಿದ ಗೊಬ್ಬರಗಳಿವೆ; ಅವುಗಳಲ್ಲಿ ಇಡಿಟಿಎ ರೂಪದ ಕಬ್ಬಿಣವೂ ಈ ಪಿಹೆಚ್‌ನಲ್ಲಿ ನಿಲ್ಲದು. ಚೀಲದ ಮೇಲೆ ಇಡಿಡಿಎಚ್‌ಎ ಎಂದಿರುವುದನ್ನೇ ಕೊಂಡು ವಸಂತದ ಮೊದಲಿಗೆ, ಚೀಲದ ಅಳತೆಯಂತೆ ನೀರಿನ ಜತೆ ಕೊಡಬೇಕು. ಅದಕ್ಕೂ ಮೊದಲು ಸ್ಕ್ರೂಡ್ರೈವರ್ ಚುಚ್ಚಿ ನೋಡಿ. ಮಣ್ಣು ಸದಾ ಕೆಸರಾಗಿದ್ದರೂ ಎಲೆ ಇದೇ ರೀತಿ ಹಳದಿಯಾಗುತ್ತದೆ. ಬಾಯಾರಿದ ಮರಕ್ಕೆ ಸಾರಜನಕ ಗೊಬ್ಬರವಂತೂ ಬೇಡವೇ ಬೇಡ.

ಕೊಂಬೆ ಕಡಿಯುವುದು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು. ಒಣಗಿದ್ದು, ಮುರಿದದ್ದು ತೆಗೆಯಿರಿ. ಹಸಿರು ಕೊಂಬೆ ಹತ್ತರಲ್ಲಿ ಒಂದು ಪಾಲು ದಾಟದಿರಲಿ. ನೆತ್ತಿ ಬೋಳಿಸಿದರೆ ನೆರಳಿನಲ್ಲಿದ್ದ ತೊಗಟೆಗೆ ಈ ಎತ್ತರದ ಬಿಸಿಲು ನೇರ ಬಡಿದು ಸೀಳುತ್ತದೆ, ಆ ಸೀಳಿನಿಂದಲೇ ಮರ ಕೊರೆಯುವ ಹುಳುಗಳು ಒಳಹೋಗುತ್ತವೆ. ಏಣಿ ಬೇಕಾಗುವ ಕೆಲಸ, ವಿದ್ಯುತ್ ತಂತಿಯ ಹತ್ತಿರದ ಕೆಲಸ ಪ್ರಮಾಣಪತ್ರವಿರುವ ಆರ್ಬರಿಸ್ಟ್‌ಗೆ, ಅಂದರೆ ಮರದ ಆರೈಕೆಯ ತಜ್ಞರಿಗೆ ಬಿಡಿ. ಗಾಯಕ್ಕೆ ಬಣ್ಣ ಬಳಿಯಬೇಡಿ. ಎಲ್ಮ್, ಕಾಟನ್‌ವುಡ್ ಬೊಡ್ಡೆಯಿಂದ ಕಪ್ಪು ರಸ ಸೋರುತ್ತಿದ್ದರೆ ಹೆದರಿ ರಂಧ್ರ ಕೊರೆಯಬೇಡಿ. ನೀರಿನಲ್ಲಿ ತೊಳೆದು ಸುಮ್ಮನಿದ್ದರೆ ಸಾಕು.

ಬೆಟ್ಟದ ಬುಡದ ಮನೆಗಳಲ್ಲಿ ಪಿನ್ಯೋನ್ ಪೈನ್ ಇರುತ್ತದೆ. 2002–03ರ ಬರದಲ್ಲಿ ಈ ಸೀಮೆಯ ಪಿನ್ಯೋನ್‌ಗಳನ್ನು ತೊಗಟೆಹುಳು ಕಾಡುಗಟ್ಟಲೆ ಕೊಂದಿತು. ನೀರುಂಡ ಮರ ಅಂಟು ಸುರಿಸಿ ಹುಳುವನ್ನು ಹೊರದೂಡುತ್ತದೆ, ಬಾಯಾರಿದ ಮರದಲ್ಲಿ ಆ ಅಂಟೇ ಇರುವುದಿಲ್ಲ. ಬೊಡ್ಡೆಯ ಮೇಲೆ ಪಾಪ್‌ಕಾರ್ನ್ ಅಂಟಿದಂತಹ ಅಂಟಿನ ಉಂಡೆ ಕಂಡರೆ ಹುಳು ಬಂದಿದೆ ಎಂದರ್ಥ. ಸೂಜಿಯೆಲೆ ಕೆಂಪಾದ ಮೇಲೆ ಔಷಧಿ ಹೊಡೆದು ಪ್ರಯೋಜನವಿಲ್ಲ. ಹೊಸದಾಗಿ ಕಡಿದ ಪಿನ್ಯೋನ್ ಸೌದೆಯನ್ನು ಬದುಕಿರುವ ಪಿನ್ಯೋನ್ ಪಕ್ಕ ಪೇರಿಸಬೇಡಿ, ಅದರ ವಾಸನೆಗೇ ಹುಳು ಬರುತ್ತದೆ.