ಸೇಬಿನ ಚರಟದಿಂದ ನಾರಿನ ಪುಡಿ: ನನ್ನ ಅನುಭವ

ರಸ ತೆಗೆದ ಸೇಬಿನ ಚರಟದಿಂದ ತೂಕ ಇಳಿಸುವವರಿಗೆ ನಾರಿನ ಪುಡಿ ಮಾಡುತ್ತೇನೆ ಅಂದಾಗ, "ಅದು ದನಕ್ಕೆ ಹಾಕೋದು ಮಾರಾಯ" ಅಂದವರೇ ಜಾಸ್ತಿ. ಈಗ ಅವರಲ್ಲೇ ಕೆಲವರು ಸ್ಯಾಂಪಲ್ ಕೇಳುತ್ತಿದ್ದಾರೆ.

ಮೊದಲ ಬ್ಯಾಚ್‌ಗಳು ಕೈಕೊಟ್ಟಿದ್ದು ಸಕ್ಕರೆಯಿಂದ. ತೊಳೆಯದೆ ಒಣಗಿಸಿದ ಪುಡಿ ಗಾಳಿಯ ತೇವ ಎಳೆದುಕೊಂಡು ಚೀಲದಲ್ಲೇ ಗಟ್ಟಿಯಾಗಿ ಕೂತಿತು. ತೂಕ ಇಳಿಸುವ ಪುಡಿಯಲ್ಲಿ ಸಕ್ಕರೆ ಇಟ್ಟುಕೊಂಡು ಏನು ಪ್ರಯೋಜನ, ಅಲ್ವಾ? ಬಿಸಿನೀರಲ್ಲಿ ಚೆನ್ನಾಗಿ ತೊಳೆದೆವು. ಸಕ್ಕರೆ ಹೋಯಿತು, ಜೊತೆಗೆ ನೀರಲ್ಲಿ ಕರಗುವ ನಾರಾದ ಪೆಕ್ಟಿನ್ ಕೂಡ ಹೋಯಿತು. ಹೊಟ್ಟೆ ತುಂಬಿದ ಹಾಗೆ ಮಾಡುವುದೇ ಆ ಪೆಕ್ಟಿನ್. ಈಗ ಸ್ವಲ್ಪ ಹೊತ್ತು ಆವಿ ಕೊಟ್ಟು, ತಣ್ಣೀರಲ್ಲಿ ಬೇಗ ಜಾಲಾಡಿಸಿ, ತಕ್ಷಣ ನೀರು ಹಿಂಡುವ ಪ್ರೆಸ್‌ಗೆ ಹಾಕುತ್ತೇನೆ. ಕೊನೆಯ ನೀರಿಗೆ ಒಂದು ಪದಾರ್ಥ ಬೆರೆಸುತ್ತೇನೆ, ಅದನ್ನು ಮಾತ್ರ ಇಲ್ಲಿ ಹೇಳುವುದಿಲ್ಲ.

ದುಡ್ಡು ಸೋರಿದ್ದು ಡ್ರೈಯರ್‌ನಲ್ಲಿ. ಚರಟದಲ್ಲಿ ಮುಕ್ಕಾಲು ಪಾಲು ನೀರೇ. 100 ಕಿಲೋ ಹಾಕಿದರೆ ಕೈಗೆ ಸಿಗುವ ಪುಡಿ 15 ಕಿಲೋ ಆಸುಪಾಸು. ಖರ್ಚಿನ ಅರ್ಧಕ್ಕಿಂತ ಜಾಸ್ತಿ ಒಣಗಿಸುವುದಕ್ಕೇ ಹೋಗುತ್ತಿತ್ತು. ಎರಡನೇ ಪ್ರೆಸ್ ಕೊಂಡಾಗ ಮನೆಯವರೂ ಬೇಡ ಅಂದರು. ಆದರೆ ಹಿಂಡಿ ತೆಗೆದ ನೀರನ್ನು ಕರೆಂಟ್ ಸುಟ್ಟು ಆರಿಸಬೇಕಿಲ್ಲ. ಒಂದೇ ಸೀಸನ್‌ನಲ್ಲಿ ಅದರ ದುಡ್ಡು ವಾಪಸ್ ಬಂತು.

ಡ್ರೈಯರ್ 60 ಡಿಗ್ರಿ ದಾಟಿಸುವುದಿಲ್ಲ. 80ಕ್ಕೆ ಏರಿಸಿದರೆ ಬೇಗ ಒಣಗುತ್ತದೆ ನಿಜ, ಆದರೆ ಬಣ್ಣ ಕಂದಾಗಿ ಸೀದ ವಾಸನೆ ಬರುತ್ತದೆ. ತೇವಾಂಶ ನೂರಕ್ಕೆ 6–7ಕ್ಕೆ ಬಂದಾಗ ನಿಲ್ಲಿಸುತ್ತೇನೆ. ಕೊಳೆತ ಹಣ್ಣಿನ ಚರಟ ಮುಟ್ಟುವುದೇ ಇಲ್ಲ, ಅದರಲ್ಲಿ ಬೂಷ್ಟಿನಿಂದ ಬರುವ ಪಟುಲಿನ್ ವಿಷ ಒಣಗಿಸಿದರೆ ಹೋಗುವುದಿಲ್ಲ. ಬೀಜವನ್ನೂ ಬೇರ್ಪಡಿಸಲೇಬೇಕು.

ಲ್ಯಾಬ್‌ಗೆ ಕಳಿಸುವ ಮೊದಲು ನನ್ನ ಪರೀಕ್ಷೆ ಗ್ಲಾಸಿನಲ್ಲಿ. ಒಂದು ಚಮಚ ಪುಡಿ ನೀರಿಗೆ ಹಾಕಿ ಹತ್ತು ನಿಮಿಷ ಬಿಡುತ್ತೇನೆ. ಒಳ್ಳೆಯ ಪುಡಿ ಉಬ್ಬಿ, ಗ್ಲಾಸ್ ಓರೆ ಮಾಡಿದರೆ ಲೋಳೆಯಾಗಿ ನಿಧಾನಕ್ಕೆ ಜಾರುತ್ತದೆ. ಕೆಟ್ಟದ್ದು ಮರಳಿನ ಹಾಗೆ ತಳ ಸೇರುತ್ತದೆ. ತೀರಾ ನುಣ್ಣಗೆ ಬೀಸಿದರೂ ನೀರು ಹಿಡಿಯುವ ಶಕ್ತಿ ಕಡಿಮೆಯಾಗುತ್ತದೆ.

ನಡುವೆ ಕಿತ್ತಳೆ ಸಿಪ್ಪೆಗೂ ಕೈ ಹಾಕಿದೆ. ಪೆಕ್ಟಿನ್ ಭರ್ಜರಿ, ಆದರೆ ಕಹಿ ಬಿಡಿಸುವಷ್ಟರಲ್ಲಿ ಲಾಭ ಮುಗಿಯಿತು. ಮಾವಿನ ಸಿಪ್ಪೆಯಿಂದ ಕೆಲಸದವರ ಕೈಗೆ ತುರಿಕೆ ಬಂತು, ಅಲ್ಲಿಗೇ ಬಿಟ್ಟೆ.

ಬಿಸ್ಕತ್‌ನಲ್ಲಿ ಹಿಟ್ಟಿನ ನೂರಕ್ಕೆ 20 ಭಾಗದ ಬದಲು ಈ ಪುಡಿ ಹಾಕಿದಾಗ ಕಲ್ಲಾಯಿತು. 10 ಸರಿಹೋಯಿತು. ನನ್ನ ಪುಡಿಯಲ್ಲಿ ನಾರು ನೂರಕ್ಕೆ 65ರ ಹತ್ತಿರ ಇದೆ. ಹಿಟ್ಟಿನದ್ದೂ ಸೇರಿದರೆ 100 ಗ್ರಾಂ ಬಿಸ್ಕತ್‌ನಲ್ಲಿ 6 ಗ್ರಾಂ ನಾರು ಬರುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ "ಹೆಚ್ಚು ನಾರು" ಅನ್ನಲು ಅಷ್ಟು ಸಾಕು. "ತೂಕ ಇಳಿಯುತ್ತದೆ" ಅಂತ ಮಾತ್ರ ಲೇಬಲ್ ಮೇಲೆ ಹಾಕುವುದಿಲ್ಲ. ಹಸಿವು ತಡವಾಗಲು ಸಹಾಯ ಆಗಬಹುದು, ಉಳಿದದ್ದು ತಿನ್ನುವವರ ಒಟ್ಟು ಊಟದ ಮೇಲೆ ಹೋಗುತ್ತದೆ. ಪುಡಿಯನ್ನು ಹಾಗೇ ಕೊಂಡವರಿಗೆ, ಒಣ ಪುಡಿ ಬಾಯಿಗೆ ಹಾಕಬೇಡಿ, ಜಾಸ್ತಿ ನೀರಿನ ಜೊತೆ ಕುಡಿಯಿರಿ ಅಂತ ಹೇಳಿಯೇ ಕೊಡುತ್ತೇನೆ.

ಈಗ ಮೊದಲ ತೊಳೆತದ ಸಿಹಿನೀರಿನಿಂದ ವಿನೆಗರ್ ಮಾಡಿ ನೋಡುತ್ತಿದ್ದೇನೆ. ಸಕ್ಕರೆ ತೆಳುವಾಗಿ ಹುಳಿ ಸಾಲುತ್ತಿಲ್ಲ. ಅದೇ ನೀರಲ್ಲಿ ಇನ್ನೊಂದು ಬ್ಯಾಚ್ ತೊಳೆದು ಸಿಹಿ ಏರಿಸುವ ಪ್ರಯತ್ನ ನಡೆದಿದೆ.