‘ಅಂತೆ’ಗೆ ಇಂಗ್ಲಿಷಿನಲ್ಲಿ ಏನಂತಾರೆ?

ಡಿಗ್ರಿಯ ಇಂಗ್ಲಿಷ್ ಕ್ಲಾಸಿಗೆ ಬರೆದ ಮೊದಲ ಬರಹ ವಾಪಸ್ ಬಂದಾಗ ಅದರ ತುಂಬ 31 ಕೆಂಪು ಗುರುತು. ಬರೆದಿದ್ದೇ ಒಂದೂವರೆ ಪುಟ. ವಿಷಯ ‘ನಮ್ಮೂರು’. ಹಾಸನದ ಹೊಸ ಬಸ್ ಸ್ಟ್ಯಾಂಡಿನಲ್ಲಿ ಗೊರೂರು ಕಡೆಯ ಬಸ್ಸಿಗೆ ಕಾಯುತ್ತಾ ಕೂತು ಎಣಿಸಿದ್ದೆ, ಅದಕ್ಕೇ ಲೆಕ್ಕ ಇಷ್ಟು ಸರಿಯಾಗಿ ನೆನಪಿದೆ. ಮೊದಲು ಅಳು ಬಂತು. ಬಸ್ಸು ಬರಲಿಲ್ಲ. ಬೇರೆ ಕೆಲಸ ಇರಲಿಲ್ಲ, ಯಾವ ತಪ್ಪು ಎಷ್ಟೆಷ್ಟು ಅಂತ ನೋಟ್‌ಬುಕ್ಕಿನ ಕೊನೆಯ ಹಾಳೆಯಲ್ಲಿ ಗೀಟು ಹಾಕುತ್ತಾ ಹೋದೆ. ‘ಎ’, ‘ಆ್ಯನ್’, ‘ದ’ ತಪ್ಪಿದ್ದು 14. ಕಾಲ ತಪ್ಪಿದ್ದು 7. ‘ಇನ್’, ‘ಆನ್’, ‘ಅಟ್’ 6. ಸ್ಪೆಲ್ಲಿಂಗ್ 4. ಬಿ.ಕಾಂ. ಓದುವವಳಿಗೆ ಇದು ಲೆಡ್ಜರ್ ಬರೆದ ಹಾಗೇ ಅಲ್ವಾ? ಟ್ಯಾಲಿ ಆದ ಮೇಲೆ ಸ್ವಲ್ಪ ಧೈರ್ಯ ಬಂತು. ಇರೋದು 31 ತಪ್ಪಲ್ಲ. ನಾಲ್ಕೇ ತಪ್ಪು, ಮತ್ತೆ ಮತ್ತೆ.

ನಾನು ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಪಿಯುಸಿಯಲ್ಲಿ ಇಂಗ್ಲಿಷ್ ಅಂದರೆ ನೋಟ್ಸ್ ಉರು ಹೊಡೆಯೋದು. ಪ್ರಬಂಧದ ವಿಷಯ ಏನೇ ಇರಲಿ, ‘ಮ್ಯಾನ್ ಈಸ್ ಎ ಸೋಶಿಯಲ್ ಅನಿಮಲ್’ ಅಂತ ಶುರು ಮಾಡಿ ಗೈಡಿನ ನಾಲ್ಕು ಪ್ಯಾರಾ ಇಳಿಸಿದರೆ ಮಾರ್ಕ್ಸ್ ಬೀಳುತ್ತಿತ್ತು. ಒಳ್ಳೇ ಮಾರ್ಕ್ಸೇ ಬಂತು. ಆದರೆ ಅಷ್ಟು ವರ್ಷದಲ್ಲಿ ಇಂಗ್ಲಿಷಿನಲ್ಲಿ ನನ್ನದು ಅನ್ನುವಂಥ ಒಂದು ವಾಕ್ಯ ಬರೆದಿರಲಿಲ್ಲ. ಡಿಗ್ರಿಯಲ್ಲಿ ಸಿಕ್ಕ ಮೇಡಂ ಬೇರೆ ಥರ. ಶನಿವಾರ ಬಂದರೆ ಒಂದು ಬರಹ ಕೊಡಬೇಕು, ಅದರಲ್ಲಿ ನೀವೇ ನೋಡಿದ್ದು, ಮಾಡಿದ್ದು, ಕೇಳಿದ್ದು ಮಾತ್ರ ಇರಬೇಕು ಅಂದರು. ಪರೀಕ್ಷೆ, ಹಬ್ಬ, ಮಳೆ ರಜ ಎಲ್ಲ ಕಳೆದು ವರ್ಷಕ್ಕೆ 22 ಆದವು. ದಾರ ಹಾಕಿ ಕಟ್ಟಿಟ್ಟಿದ್ದೇನೆ. ಮೊನ್ನೆ ರಜದಲ್ಲಿ ಕಟ್ಟು ಬಿಚ್ಚಿ ಓದಿದೆ. ಕೆಲವಕ್ಕೆ ನಗು ಬಂತು. ಎರಡು ಮೂರನ್ನು ಅರ್ಧಕ್ಕೇ ಮುಚ್ಚಿಟ್ಟೆ.

ಮೊದಲು ಹಿಡಿದಿದ್ದು ಆ 14ನ್ನು. ನಮ್ಮ ಭಾಷೆಯಲ್ಲಿ ‘ದ’ ಅನ್ನೋದೇ ಇಲ್ಲ. ಇಲ್ಲದ ಸಾಮಾನನ್ನು ಎಲ್ಲಿ ಇಡೋದು ಅಂತ ಹೇಗೆ ಗೊತ್ತಾಗಬೇಕು? ನಾನು ಅಂದಾಜಿಗೆ ಉಪ್ಪು ಉದುರಿಸಿದ ಹಾಗೆ ಉದುರಿಸುತ್ತಿದ್ದೆ. ಒಂದು ದಿನ ಮೇಡಂ ಬೋರ್ಡಿನ ಮೇಲೆ ಕನ್ನಡದಲ್ಲಿ ಬರೆದರು: ‘ನಿನ್ನೆ ಪುಸ್ತಕ ತಗೊಂಡೆ. ಪುಸ್ತಕಾನ ಬಸ್ಸಲ್ಲೇ ಬಿಟ್ಟೆ.’ ಮೊದಲ ಪುಸ್ತಕಕ್ಕೆ ಬಾಲ ಇಲ್ಲ, ಎರಡನೇದಕ್ಕೆ ಯಾಕಿದೆ ಅಂತ ಕೇಳಿದರು. ಯಾರೂ ಬಾಯಿ ಬಿಡಲಿಲ್ಲ. ಮೊದಲನೇದು ಯಾವುದೋ ಒಂದು ಪುಸ್ತಕ. ಎರಡನೇದು ಆಗಲೇ ಹೇಳಿದ ಅದೇ ಪುಸ್ತಕ. ‘ಎ ಬುಕ್’ ಮತ್ತು ‘ದ ಬುಕ್’. ಅಂದರೆ ಈ ವ್ಯತ್ಯಾಸ ನಮ್ಮ ಬಾಯಲ್ಲಿ ಮೊದಲಿಂದ ಇತ್ತು, ಇಟ್ಟ ಜಾಗ ಮಾತ್ರ ಬೇರೆ. ಎಲ್ಲ ಕಡೆಗೂ ಈ ಲೆಕ್ಕ ನಡೆಯಲ್ಲ. ಹೇಮಾವತಿ ನದಿಗೆ ‘ದ’ ಬೇಕು, ಹಾಸನಕ್ಕೆ ಬೇಡ, ಇಂಥವನ್ನು ಸುಮ್ನೆ ನೆನಪಿಡಬೇಕು. ಆದರೂ 14ರಲ್ಲಿ ಅರ್ಧ ಅಲ್ಲೇ ಉದುರಿತು.

‘ಎ’ನೋ ‘ಆ್ಯನ್’ನೋ ಅನ್ನೋದಕ್ಕೆ ನಾನೇ ಒಂದು ಉಪಾಯ ಕಂಡುಕೊಂಡೆ. ಮುಂದಿನ ಪದವನ್ನು ಕನ್ನಡ ಅಕ್ಷರದಲ್ಲಿ ಬರೆದು ನೋಡೋದು. ‘ಅವರ್’ (ಗಂಟೆ), ‘ಅ’ಯಿಂದ ಶುರು, ಸ್ವರ, ಹಾಗಾಗಿ ‘ಆ್ಯನ್’. ‘ಯೂನಿವರ್ಸಿಟಿ’, ‘ಯ’, ವ್ಯಂಜನ, ಹಾಗಾಗಿ ‘ಎ’. ‘ಎಂ.ಎಲ್.ಎ.’ಗೆ ‘ಆ್ಯನ್’. ಇಂಗ್ಲಿಷಿನಲ್ಲಿ ಅದು ಯಾವ ಅಕ್ಷರದಲ್ಲಿ ಶುರುವಾಗುತ್ತೆ ಅಂತ ನೋಡಿದರೆ ಮೋಸ ಹೋಗ್ತೀರಿ, ಕನ್ನಡ ಲಿಪಿ ಸದ್ದನ್ನು ಹಿಡಿಯುವುದರಿಂದ ಮೋಸ ಇಲ್ಲ. ಒಂದೇ ಅಪಾಯ, ನಮ್ಮ ನಾಲಿಗೆ. ನಮ್ಮ ಕಡೆ ‘ಎಗ್’ ಬಾಯಿಗೆ ಬಂದರೆ ‘ಯಗ್ಗು’. ಅದನ್ನು ನಂಬಿ ‘ಎ ಎಗ್’ ಅಂತ ಬರೆದು ಒಂದು ಕೆಂಪು ಗುರುತು ಸಂಪಾದಿಸಿದೆ.

ಕಾಲದ ತಪ್ಪು ಬೇಗ ಸರಿಹೋಯಿತು. ‘ಐ ಆಮ್ ಹ್ಯಾವಿಂಗ್ ಟೂ ಬ್ರದರ್ಸ್’ ಅಂತ ಮೂರು ಸಲ ಬರೆದೆ, ನಾಲ್ಕನೇ ಸಲ ಬರೆಯಲಿಲ್ಲ. ‘ಇನ್’, ‘ಆನ್’, ‘ಅಟ್’ ಈಗಲೂ ಕೈಕೊಡುತ್ತವೆ, ಅದರ ಬಗ್ಗೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.

ಕಷ್ಟ ಆಗಿದ್ದು ಉದ್ದ ವಾಕ್ಯದ್ದು. ಕನ್ನಡದಲ್ಲಿ ‘ಎದ್ದು, ಮುಖ ತೊಳೆದು, ಕಾಫಿ ಕುಡಿದು, ಬಸ್ಸಿಗೆ ಓಡಿ, ಸೀಟು ಸಿಗದೆ ನಿಂತುಕೊಂಡೇ ಬಂದೆ’ ಅಂದರೆ ಯಾರಿಗೂ ಉಸಿರು ಕಟ್ಟಲ್ಲ. ಅದನ್ನೇ ಇಂಗ್ಲಿಷಿಗೆ ಎಳೆದುಕೊಂಡು ಹೋದೆ. ‘ಹ್ಯಾವಿಂಗ್’, ‘ಹ್ಯಾವಿಂಗ್’ ಅಂತ ಐದು ಸಲ ಬಂದು, ನಿಂತವಳು ಯಾರು ಅಂತ ಓದುವವರಿಗೆ ಮರೆತೇ ಹೋಗುತ್ತಿತ್ತು. ಮೇಡಂ ಪೆನ್ನಲ್ಲಿ ಎರಡು ಕಡೆ ಕಡ್ಡಿ ಎಳೆದು ಮೂರು ವಾಕ್ಯ ಮಾಡಿದರು. ಬರೀ ಅಷ್ಟೇ. ಆಮೇಲೆ ನಾನು ಕನ್ನಡದಲ್ಲಿ ಬರೆದು ಇಂಗ್ಲಿಷಿಗೆ ತಿರುಗಿಸೋದನ್ನೇ ಬಿಟ್ಟೆ. ಬಸ್ಸಿನಲ್ಲಿ ಪಕ್ಕ ಕೂತ ಗೆಳತಿಗೆ ವಿಷಯವನ್ನೆಲ್ಲ ಕನ್ನಡದಲ್ಲಿ ಬಾಯಲ್ಲಿ ಹೇಳುತ್ತಿದ್ದೆ. ಎಲ್ಲಿ ಅವಳು ‘ಆಮೇಲೆ?’ ಅಂದಳೋ ಅಲ್ಲಿ ಒಂದು ವಾಕ್ಯ ಮುಗಿಯಿತು ಅಂತ ಲೆಕ್ಕ. ಅವಳು ಮೊಬೈಲ್ ನೋಡಲು ಶುರು ಮಾಡಿದರೆ ಆ ಭಾಗ ಬರೆಯುವ ಅಗತ್ಯ ಇಲ್ಲ ಅಂತಲೂ ಗೊತ್ತಾಗುತ್ತಿತ್ತು. ಫ್ರೀ ಬಸ್ಸು ಬಂದ ಮೇಲೆ ಇಬ್ಬರಿಗೂ ಸೀಟು ಸಿಗೋದೇ ಅಪರೂಪ, ನಿಂತುಕೊಂಡೇ ಎಷ್ಟೋ ಬರಹ ಮುಗಿಸಿದ್ದೇನೆ.

ಒಂದು ಕೆಲಸವನ್ನು ಹಂತ ಹಂತವಾಗಿ ಬರೆಯಿರಿ ಅಂದಾಗ ನಾನು ಆಲೂಗಡ್ಡೆ ಆರಿಸಿಕೊಂಡೆ. ನಮ್ಮದು ಮುಂಗಾರಿನ ಆಲೂಗಡ್ಡೆ. ಪಂಜಾಬಿನ ಜಲಂಧರ್ ಕಡೆಯಿಂದ ಬಿತ್ತನೆ ಗಡ್ಡೆ ಹಾಸನಕ್ಕೆ ಬರುತ್ತದೆ. ಅಪ್ಪ ಮೂಟೆ ತಂದು ಹಾಕಿದ ಮೇಲೆ ಜಗಲಿ ತುಂಬ ಅದೇ. ಒಂದೊಂದು ಹೋಳಿಗೂ ಕಣ್ಣು ಇರೋ ಹಾಗೆ ಕತ್ತರಿಸಬೇಕು, ಔಷಧಿ ಹಿಡಿಸಬೇಕು, ನೆರಳಲ್ಲಿ ಹರವಿ ಆರಿಸಬೇಕು. ಕತ್ತರಿಸುವಾಗ ಒಳಗೆ ಕಪ್ಪು ಕಂಡರೆ ಆ ಗಡ್ಡೆ ಆಚೆ, ಚಾಕುವನ್ನೂ ಔಷಧಿಯಲ್ಲಿ ಅದ್ದಬೇಕು, ಇಲ್ಲಾಂದ್ರೆ ಒಂದರ ಕೊಳೆ ಇನ್ನೊಂದಕ್ಕೆ. ಇಷ್ಟೆಲ್ಲ ಮಾಡಿದ ಮೇಲೂ ಮೋಡ ಕವಿದು ಜಡಿಮಳೆ ಹಿಡಿದರೆ ಅಂಗಮಾರಿ ಬಂದು ಹೊಲ ಕರಟಿ ಹೋಗುತ್ತೆ, ಅದು ಬೇರೆ ಕಥೆ. ‘ಕಣ್ಣು’ ಅನ್ನೋದು ನಮ್ಮ ಹಳ್ಳಿ ಮಾತು, ಇಂಗ್ಲಿಷಿನಲ್ಲಿ ಬರೆದರೆ ನಗುತ್ತಾರೆ ಅಂತ ಎಲ್ಲೆಲ್ಲೋ ಹುಡುಕಿ ‘ಸ್ಪ್ರೌಟಿಂಗ್ ಪಾಯಿಂಟ್’ ಅಂತ ಬರೆದೆ. ಮೇಡಂ ಅದನ್ನು ಹೊಡೆದು ಹಾಕಿ ‘ಐ’ ಅಂತ ಬರೆದಿದ್ದರು. ಇಂಗ್ಲಿಷಿನವರಿಗೂ ಆಲೂಗಡ್ಡೆಗೆ ಇರೋದು ಕಣ್ಣೇ! ಅವತ್ತು ಆದ ಖುಷಿ ಯಾವ ಮಾರ್ಕ್ಸಿಗೂ ಆಗಿಲ್ಲ.

ಅದೇ ಬರಹದ ಅಂಚಿನಲ್ಲಿ ಒಂದು ಪ್ರಶ್ನೆಯೂ ಇತ್ತು. ಇಂಥ ಬರಹಕ್ಕೆ ಪ್ಯಾಸಿವ್ ವಾಯ್ಸೇ ಬಳಸಬೇಕು ಅಂತ ಗೈಡಿನಲ್ಲಿ ಓದಿದ್ದೆ. ‘ದ ಪೊಟ್ಯಾಟೋಸ್ ಆರ್ ಕಟ್’, ‘ದೇ ಆರ್ ಡ್ರೈಡ್’ ಅಂತ ಬರೆದುಕೊಂಡು ಹೋಗಿದ್ದೆ. ಮೇಡಂ ಕೇಳಿದ್ದು, ‘ಕತ್ತರಿಸೋದು ಯಾರು?’ ಅಂತ. ಅಮ್ಮ. ಪ್ರತಿ ವರ್ಷ ಅಮ್ಮ, ಚಿಕ್ಕಮ್ಮ, ಆಮೇಲೆ ಕೂಲಿಗೆ ಬರುವ ನಾಲ್ಕು ಹೆಂಗಸರು. ಬೆರಳು ಔಷಧಿಗೆ ಬಿಳುಚಿಕೊಂಡಿರುತ್ತೆ. ಒಂದೂವರೆ ಪುಟದಲ್ಲಿ ಅವರಲ್ಲಿ ಒಬ್ಬರೂ ಇರಲಿಲ್ಲ.

ಶೆಟ್ಟಿಹಳ್ಳಿ ಚರ್ಚಿನ ಬರಹದಲ್ಲಿ ಈ ಪ್ರಶ್ನೆ ಮತ್ತೆ ಎದುರಾಯಿತು. ಅದು ಫ್ರೆಂಚ್ ಪಾದ್ರಿಗಳು 1860ರ ದಶಕದಲ್ಲಿ ಕಟ್ಟಿಸಿದ ಚರ್ಚು. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಕಟ್ಟಿದ ಮೇಲೆ ಹಿನ್ನೀರಿನೊಳಗೆ ಸೇರಿತು. ಮಳೆಗಾಲದಲ್ಲಿ ಅರ್ಧ ಮುಳುಗುತ್ತದೆ, ಬೇಸಿಗೆಯಲ್ಲಿ ಒಳಗೆ ನಡೆದುಕೊಂಡೇ ಹೋಗಬಹುದು. ಕ್ಲಾಸಿನಲ್ಲಿ ನಾಲ್ಕು ಜನ ಅದರ ಮೇಲೇ ಬರೆದಿದ್ದೆವು. ಮೇಡಂ ನಾಲ್ಕೂ ಬರಹದ ಮೊದಲ ಸಾಲನ್ನು ಗಟ್ಟಿಯಾಗಿ ಓದಿದರು. ನಾಲ್ಕರಲ್ಲೂ ‘ನೆಸಲ್ಡ್ ಆನ್ ದ ಬ್ಯಾಂಕ್ಸ್ ಆಫ್ ದ ಹೇಮಾವತಿ’. ಕ್ಲಾಸು ನಕ್ಕಿತು. ನನ್ನ ಹತ್ತಿರ ಬಂದು ‘ನೆಸಲ್ ಅಂದ್ರೇನಮ್ಮ?’ ಅಂತ ಕೇಳಿದರು. ಗೊತ್ತಿರಲಿಲ್ಲ. ಮೊಬೈಲಿಗೆ ಗೊತ್ತಿತ್ತು, ನನಗಲ್ಲ.

‘ಹೋಗ್ಲಿ, ಆ ಚರ್ಚಿನ ಬಗ್ಗೆ ನಿಂಗೆ ಏನು ಗೊತ್ತು ಹೇಳು’ ಅಂದರು.

‘ನಮ್ಮಜ್ಜಿ ತವರು ಆ ಕಡೆ ಮೇಡಂ. ಮುಳುಗಡೆ ಆಯ್ತು.’

‘ಅದನ್ನ ಬಿಟ್ಟು ಇದನ್ನ ಬರೆದಿದ್ದೀಯಾ?’

ಆ ಭಾನುವಾರ ಅಜ್ಜಿ ಪಕ್ಕ ಕೂತೆ. ಅಜ್ಜಿ ಅವರೆಕಾಯಿ ಬಿಡಿಸುತ್ತಾ ಹೇಳಿದರು. ಊರು ಬಿಡುವಾಗ ಮನೆಯ ಹೆಂಚು ಇಳಿಸಿ, ಬಾಗಿಲ ಚೌಕಟ್ಟು ಕಿತ್ತು ಎತ್ತಿನ ಗಾಡಿಗೆ ಹೇರಿದ್ದು. ಅಂಥ ಒಂದು ಚೌಕಟ್ಟು ನಮ್ಮನೆಗೂ ಬಂತು, ಈಗಲೂ ಕೊಟ್ಟಿಗೆಗೆ ಅದೇ ಬಾಗಿಲು. ದಿನಾ ಅದರಲ್ಲೇ ಓಡಾಡಿದವಳು ನಾನು, ನನಗೆ ಗೊತ್ತೇ ಇರಲಿಲ್ಲ. ಚರ್ಚಿನ ಮಾತು ಬಂದಾಗ, ‘ಅದ್ರ ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ರಂತೆ ಕಣ್ಮಗಾ’ ಅಂದರು.

ಬರೆಯಲು ಕೂತರೆ ‘ತವರು’ ಅನ್ನೋದಕ್ಕೇ ಒಂದು ಗಂಟೆ ಹೋಯಿತು. ‘ಮದರ್ ಹೌಸ್’ ಅಂತ ಬರೆದು ಹೊಡೆದೆ. ಕೊನೆಗೆ ‘ಅಜ್ಜಿ ಹುಟ್ಟಿದ ಊರು’ ಅನ್ನೋ ಅರ್ಥ ಬರುವ ಹಾಗೆ ಬರೆದೆ. ಅದರಲ್ಲಿ ತವರಿನ ಅರ್ಧವೂ ಇಲ್ಲ, ಇರಲಿ. ಗಾರೆಯ ಸಾಲು ಸುಲಭವಾಗಿ ಬಂತು: ‘ದೇ ಮಿಕ್ಸ್ಡ್ ಜ್ಯಾಗರಿ ಆ್ಯಂಡ್ ಎಗ್ಸ್ ಇನ್ ದ ಮಾರ್ಟರ್.’ ವ್ಯಾಕರಣ ಸರಿ, ‘ದ’ ಸರಿ. ಆದರೂ ಕೆಳಗೆ ಕೆಂಪು ಗೀಟು. ‘ನೀನು ನೋಡಿದೆಯಾ?’

ಅಜ್ಜಿಯ ಮಾತಿನ ಕೊನೆಯಲ್ಲಿ ಒಂದು ‘ಅಂತೆ’ ಇತ್ತು. ಇಂಗ್ಲಿಷಿಗೆ ಬರುವಾಗ ಅದು ದಾರಿಯಲ್ಲಿ ಎಲ್ಲೋ ಬಿದ್ದುಹೋಯಿತು. ಕನ್ನಡದಲ್ಲಿ ‘ಹಾಕಿದ್ರು’ ಅಂದರೆ ಒಂದು, ‘ಹಾಕಿದ್ರಂತೆ’ ಅಂದರೆ ಇನ್ನೊಂದು. ನಾನು ಕಂಡಿಲ್ಲ, ಕೇಳಿದ್ದು, ಸುಳ್ಳಾದರೆ ನನ್ನನ್ನು ಹಿಡಿಯಬೇಡಿ, ಇಷ್ಟೆಲ್ಲ ಎರಡು ಅಕ್ಷರದಲ್ಲಿ ಮುಗಿಯುತ್ತೆ. ನಾವು ದಿನಕ್ಕೆ ನೂರು ಸಲ ಅಂತೀವಿ. ಬಸ್ ಬರಲ್ವಂತೆ, ಅವಳಿಗೆ ಮದುವೆಯಂತೆ. ಇಂಗ್ಲಿಷಿನ ಕ್ರಿಯಾಪದಕ್ಕೆ ಅಂಟಿಸಲು ಇಂಥದ್ದೊಂದು ಬಾಲ ಇಲ್ಲ. ಮೊದಲು ‘ಇಟ್ ಈಸ್ ಸೆಡ್ ದಟ್’ ಅಂತ ಹಾಕಿದೆ. ‘ಹೇಳಿದ್ದು ಯಾರು?’ ಅಂತ ವಾಪಸ್ ಬಂತು. ಆಲೂಗಡ್ಡೆ ಕತ್ತರಿಸಿದ್ದು ಯಾರು ಅಂದ ಹಾಗೇ. ಆಮೇಲೆ ‘ಮೈ ಗ್ರ್ಯಾಂಡ್‌ಮದರ್ ಸೇಸ್’ ಅಂತ ಬರೆದೆ. ಅಲ್ಲಿಂದ ಮುಂದೆ ನೋಟ್‌ಬುಕ್ಕಿನ ಕೊನೆ ಹಾಳೆಯಲ್ಲಿ ಐದನೇ ಸಾಲು ಸೇರಿಸಿದೆ: ‘ಅಂತೆ ಬಿದ್ದಿದ್ದು’. ಹಳೆಯ ಬರಹಗಳನ್ನು ತಿರುವಿ ನೋಡಿದರೆ ಎಲ್ಲದರಲ್ಲೂ ಬಿದ್ದಿತ್ತು.

ನನ್ನ ಗೆಳತಿಯದು ಇನ್ನೂ ಫಜೀತಿ. ಅವಳು ಹಾಸನಾಂಬೆಯ ಬಗ್ಗೆ ಬರೆದಿದ್ದಳು. ದೇವಸ್ಥಾನದ ಬಾಗಿಲು ತೆಗೆಯೋದು ವರ್ಷಕ್ಕೊಂದು ಸಲ, ದೀಪಾವಳಿ ಆಸುಪಾಸಿನಲ್ಲಿ. ಹಿಂದಿನ ವರ್ಷ ಹಚ್ಚಿಟ್ಟ ದೀಪ ಆಗಲೂ ಉರಿಯುತ್ತಿರುತ್ತೆ ಅನ್ನೋದು ಎಲ್ಲರ ಮಾತು. ‘ಪೀಪಲ್ ಬಿಲೀವ್’ ಅಂತ ಸೇರಿಸು ಅಂದರು ಮೇಡಂ. ಇವಳಿಗೆ ಬೇಜಾರಾಯಿತು. ‘ನಾನೂ ನಂಬ್ತೀನಲ್ಲ ಮೇಡಂ, ಬೇರೆ ಯಾರೋ ಅನ್ನೋ ಹಾಗೆ ಹೇಗೆ ಬರೀಲಿ?’ ಮೇಡಂ ಒಂದು ಕ್ಷಣ ಸುಮ್ಮನಾದರು. ‘ಹಾಗಾದ್ರೆ ವೀ ಬಿಲೀವ್ ಅಂತ ಬರಿ’ ಅಂದರು. ಈ ವರ್ಷ ಕೇಳಿದ ಪಾಠದಲ್ಲೆಲ್ಲ ನನಗೆ ತುಂಬಾ ಇಷ್ಟವಾಗಿದ್ದು ಇದು.

ರಾಜಾ ರಾವ್ ನಮ್ಮ ಹಾಸನದಲ್ಲೇ 1908ರಲ್ಲಿ ಹುಟ್ಟಿದವರು, 1938ರಲ್ಲಿ ಬಂದ ಅವರ ‘ಕಾಂತಾಪುರ’ ಅನ್ನೋ ಇಂಗ್ಲಿಷ್ ಕಾದಂಬರಿಯಲ್ಲಿ ಊರಿನ ಕಥೆ ಹೇಳೋದು ಒಬ್ಬ ಅಜ್ಜಿ ಅಂತ ಗೊತ್ತಾಗಿದ್ದೂ ಮೇಡಂ ಹೇಳಿಯೇ. ಲೈಬ್ರರಿಯಿಂದ ತಂದೆ. ಪೂರ್ತಿ ಓದಲು ಆಗಲಿಲ್ಲ, ನಿಜ ಹೇಳಬೇಕಲ್ಲ. ಆದರೆ ಹತ್ತಿಪ್ಪತ್ತು ಪುಟದಲ್ಲೇ ಒಂದು ತಮಾಷೆ ಕಂಡೆ. ನನ್ನ ಹತ್ತಿರ ಮುರಿಸಿದಂಥ ಉದ್ದ ವಾಕ್ಯಗಳನ್ನೇ ಆ ಅಜ್ಜಿ ‘ಆ್ಯಂಡ್’, ‘ಆ್ಯಂಡ್’ ಅಂತ ಪೋಣಿಸಿಕೊಂಡು ಹೋಗುತ್ತಾಳೆ. ಮೇಡಂಗೆ ತೋರಿಸಿ ‘ಇದಕ್ಕೆ ಕಡ್ಡಿ ಎಳೀತೀರಾ?’ ಅಂದೆ. ‘ಮೊದಲು ಮುರಿಯೋಕೆ ಕಲಿ, ಆಮೇಲೆ ಪೋಣಿಸು’ ಅಂತ ನಕ್ಕರು.

ವರ್ಷದ ಕೊನೆಗೆ ಒಂದು ಹಳೆಯ ಬರಹವನ್ನು ತಿದ್ದಿ ಹೊಸದಾಗಿ ಬರೆಯಬೇಕಿತ್ತು. ನಾನು ಅಜ್ಜಿಯದನ್ನೇ ತೆಗೆದುಕೊಂಡೆ. ಎರಡು ಪುಟ ಆಯಿತು. ಕೆಂಪು ಗುರುತು 6, ಅದರಲ್ಲಿ ನಾಲ್ಕು ‘ಇನ್’, ‘ಆನ್’, ‘ಅಟ್’. ಮನೆಗೆ ತಂದು ಅಜ್ಜಿಗೆ ಒಂದೊಂದೇ ಸಾಲು ಕನ್ನಡದಲ್ಲಿ ಹೇಳಿದೆ. ಹೆಂಚು ಇಳಿಸಿದ್ದಕ್ಕೆ, ಗಾಡಿಗೆ, ಚೌಕಟ್ಟಿಗೆ ಎಲ್ಲ ತಲೆ ಆಡಿಸಿದರು. ‘ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ರು ಅಂತ ನಮ್ಮಜ್ಜಿ ಹೇಳ್ತಾರೆ’ ಅನ್ನೋ ಸಾಲು ಬಂದಾಗ ಕೈ ಎತ್ತಿ ನಿಲ್ಲಿಸಿದರು.

‘ನಾನೆಲ್ ಹೇಳ್ದೆ? ನಮ್ಮವ್ವ ಹೇಳೋಳು. ನಾನೇನು ಕಂಡಿದ್ನಾ?’

ಮಾರ್ಕ್ಸ್ ಆಗಲೇ ಬಿದ್ದಿತ್ತು. ಆದರೂ ಪೆನ್ನು ತಂದು, ‘ಮೈ ಗ್ರ್ಯಾಂಡ್‌ಮದರ್ ಸೇಸ್’ ಆದ ಮೇಲೆ ಒಂದು ಬಾಣ ಹಾಕಿ, ‘ದಟ್ ಹರ್ ಮದರ್ ಯೂಸ್ಡ್ ಟು ಸೇ’ ಅಂತ ಮೇಲೆ ಸಣ್ಣದಾಗಿ ಬರೆದೆ. ಅಜ್ಜಿ ಬಗ್ಗಿ ನೋಡಿ, ‘ಆಯ್ತಾ? ಮುಂದಕ್ಕೋದು’ ಅಂದರು.